ಬಂಡೆಗೆ ಕಂಪನಿಯ ಗಡಿ ಗೊತ್ತಿಲ್ಲ

ಬಂಗಾರಪೇಟೆಯಲ್ಲಿ ನನ್ನದೊಂದು ಪುಟ್ಟ ವರ್ಕ್‌ಶಾಪ್. ಪಿನ್ನು, ಬುಶ್ಶು ಕಡೆದು ದೊಡ್ಡ ಕಾರ್ಖಾನೆಗಳಿಗೆ ಕಳಿಸುವುದು ಕಸುಬು. ಈಚೆಗೆ ಎಲ್ಲಿ ಹೋದರೂ ‘ಡಿಜಿಟಲ್ ಟ್ವಿನ್’ ಎಂಬ ಮಾತು ಕಿವಿಗೆ ಬೀಳುತ್ತಿದೆ. ನಮ್ಮಂಥವರಿಗೆ ಅದರಿಂದ ಏನು?

ಡ್ರಾಯಿಂಗ್ ಒಮ್ಮೆ ಬರೆದರೆ ಮುಗಿಯಿತು. ಡಿಜಿಟಲ್ ಟ್ವಿನ್ ಹಾಗಲ್ಲ, ಯಂತ್ರದ ಜೊತೆಗೇ ಬದಲಾಗುತ್ತಿರುತ್ತದೆ. ಲೇತ್‌ನ ಸ್ಪಿಂಡಲ್ ಎಷ್ಟು ನಡುಗುತ್ತಿದೆ, ಎಷ್ಟು ಕಾದಿದೆ ಎಂದು ಸೆನ್ಸರ್‌ಗಳು ಹೇಳುತ್ತಲೇ ಇರುತ್ತವೆ. ಕಂಪ್ಯೂಟರಿನೊಳಗಿನ ಪ್ರತಿರೂಪ ಅದನ್ನು ಲೆಕ್ಕ ಹಾಕಿ, ಟೂಲ್ ಯಾವಾಗ ಕೈಕೊಡಬಹುದೆಂದು ಮುಂಚೆಯೇ ತಿಳಿಸುತ್ತದೆ.

ಒಂದೇ ಕಾರ್ಖಾನೆಯೊಳಗೆ ಇದು ಸುಲಭ. ಎರಡು ಕಂಪನಿಗಳ ನಡುವೆ ಬಂದಾಗಲೇ ತೊಡಕು. ನಮ್ಮ ಪಕ್ಕದ ಕೆಜಿಎಫ್‌ನಲ್ಲಿ, ಅಂದರೆ ಕೋಲಾರದ ಚಿನ್ನದ ಗಣಿಗಳ ಊರಿನಲ್ಲಿ, ಭಾರಿ ಯಂತ್ರ ತಯಾರಿಸುವ ಬೆಮೆಲ್ ಕಂಪನಿಯ ಬುಲ್ಡೋಜರ್‌ಗಳು ತಯಾರಾಗುತ್ತವೆ. ಅಂಥದೊಂದು ಯಂತ್ರಕ್ಕೆ ಬೇಕಾದ ಪಿನ್ನು ತಡವಾಗುತ್ತದೆ ಅಂದುಕೊಳ್ಳಿ. ಎರಡೂ ಕಡೆಯ ಟ್ವಿನ್ ಜೋಡಣೆಯಾಗಿದ್ದರೆ ಜೋಡಿಸುವ ಕ್ರಮ ಬದಲಿಸಬೇಕೋ, ಬೇರೆಯವರಿಂದ ತರಿಸಬೇಕೋ ಎಂದು ಪರದೆಯ ಮೇಲೆಯೇ ಪರೀಕ್ಷಿಸಿ ನೋಡಬಹುದು. ಗಣಿಯಲ್ಲಿ ದುಡಿಯುತ್ತಿರುವ ಬುಲ್ಡೋಜರ್‌ನ ಪಿನ್ನು ಬೇಗ ಸವೆಯುತ್ತಿದೆ ಎಂಬ ಸುದ್ದಿ ಕಡೆದವನಿಗೂ ತಲುಪಿದರೆ ಹೀಟ್ ಟ್ರೀಟ್‌ಮೆಂಟ್ ಸರಿಪಡಿಸಬಹುದು. ನನ್ನ ಮಟ್ಟಿಗೆ ಈ ಎರಡನೆಯ ಲಾಭವೇ ದೊಡ್ಡದು.

ಕಂಪನಿಗಳ ನಡುವಿನ ಈ ತೊಡಕು ನಮ್ಮ ಸೀಮೆಗೆ ಹೊಸದೇನಲ್ಲ. ಕೆಜಿಎಫ್‌ನ ಹಳೆಯ ಚಿನ್ನದ ಗಣಿಗಳನ್ನೇ ನೋಡಿ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ: ಒಂದೇ ಚಿನ್ನದ ಪಟ್ಟಿಯ ಮೇಲೆ ಬೇರೆ ಬೇರೆ ಕಂಪನಿಗಳ ಗಣಿಗಳು, ಬೇರೆ ಬೇರೆ ಷೇರುದಾರರು. ಬಂಡೆಗೆ ಮಾತ್ರ ಆ ಗಡಿ ಗೊತ್ತಿರಲಿಲ್ಲ. ಒಂದು ಕಡೆ ತೋಡಿದರೆ ಅಲ್ಲಿನ ಭಾರ ಪಕ್ಕದ ಬಂಡೆಯ ಮೇಲೆ ಬೀಳುತ್ತಿತ್ತು. ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಂಥ ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳೂ ಅದುರುತ್ತಿದ್ದವು. ಮುಂದೆ, 1970ರ ದಶಕದ ಕೊನೆಯ ಹೊತ್ತಿಗೆ, ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಕಂಪನಮಾಪಕಗಳ ಜಾಲವೇ ಬಂತು. ಸಿಡಿತ ಎಲ್ಲಿ ಆಯಿತೆಂದು ಅದು ಹೇಳುತ್ತಿತ್ತು. ಟ್ವಿನ್ ಅಲ್ಲ, ಆದರೂ ಅದರ ಅಜ್ಜ ಎನ್ನಲಡ್ಡಿಯಿಲ್ಲ.

ಆ ಕಂಪನಿಗಳಿಗೆ ಒಂದು ಅನುಕೂಲವಿತ್ತು. 1880ರಿಂದ ಇಲ್ಲಿ ಕಾಲೂರಿದ ಜಾನ್ ಟೇಲರ್ ಆ್ಯಂಡ್ ಸನ್ಸ್ ಸಂಸ್ಥೆಯೇ ಅಷ್ಟೂ ಗಣಿಗಳ ಉಸ್ತುವಾರಿ ನೋಡುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತಿಗೂ ಆ ಒಗ್ಗಟ್ಟು ಒದಗಿತು. ನನಗೂ ನನ್ನ ಗಿರಾಕಿಗೂ ಮೇಲೆ ಯಾವ ಜಾನ್ ಟೇಲರೂ ಇಲ್ಲ. ಟ್ವಿನ್ ಜೋಡಿಸಿದ ಮೇಲೆ ನನ್ನ ಲೇತ್ ಎಷ್ಟು ಹೊತ್ತು ಸುಮ್ಮನೆ ನಿಂತಿತ್ತೆಂದು ಗಿರಾಕಿಯವರು ಕಂಡುಕೊಂಡರೆ ಮುಂದಿನ ಸಲ ದರ ಇಳಿಸು ಅನ್ನದೆ ಬಿಡುತ್ತಾರೆಯೇ?

ಜರ್ಮನಿಯ ವಾಹನ ಉದ್ಯಮ 2021ರಲ್ಲಿ ಕಟ್ಟಿಕೊಂಡ ಕ್ಯಾಟೀನಾ-ಎಕ್ಸ್ ಎಂಬ ಒಕ್ಕೂಟ ಇದಕ್ಕೊಂದು ದಾರಿ ಹುಡುಕಿದೆ. ಮಾಹಿತಿ ಅವರವರ ಹತ್ತಿರವೇ ಇರುತ್ತದೆ. ಯಾವುದನ್ನು, ಯಾರಿಗೆ, ಯಾವ ಕೆಲಸಕ್ಕೆ ತೋರಿಸುವುದೆಂಬ ಷರತ್ತನ್ನು ಮಾಹಿತಿಯ ಒಡೆಯನೇ ಹಾಕುತ್ತಾನೆ. ‘ಶುಕ್ರವಾರಕ್ಕೆ 200 ಪಿನ್ನು ಆಗುತ್ತವೆಯೇ’ ಎಂದರೆ ಹೌದು, ಇಲ್ಲ ಎಂದಷ್ಟೇ ಉತ್ತರ ಕೊಡಬಹುದು. ನನ್ನ ಶಿಫ್ಟು, ನನ್ನ ಖರ್ಚು ನನ್ನಲ್ಲೇ ಉಳಿಯುತ್ತವೆ.

ಸೆನ್ಸರಿನ ದುಡ್ಡು ಯಾರು ಹಾಕುತ್ತಾರೆ ಎಂಬ ಪ್ರಶ್ನೆ ಬೇರೆ ಇದೆ, ಅದನ್ನು ಯಾರೂ ಮೊದಲು ಎತ್ತುವುದಿಲ್ಲ! ನಾನಂತೂ ಕರಾರಿನಲ್ಲಿ ಎರಡು ಮಾತು ಬರೆಸಿಯೇ ಸಹಿ ಹಾಕುವವನು: ನನ್ನ ಲೇತಿನ ಲೆಕ್ಕ ದರದ ಚೌಕಾಸಿಗೆ ಬಳಕೆಯಾಗಬಾರದು, ಗಣಿಯಲ್ಲಿ ಪಿನ್ನು ಸವೆದ ಲೆಕ್ಕ ನನಗೂ ಬರಬೇಕು.