ನೆರಳು ಕಾಯುವುದೂ ಕಾಯಕವೇ

ಬಾಳೆಹೊನ್ನೂರೆಂದೊಡನೆ ಭಕ್ತರಿಗೆ ಶ್ರೀ ರಂಭಾಪುರಿ ಪೀಠವು ನೆನಪಾಗುತ್ತದೆ. ಕಾಫಿ ಬೆಳೆಗಾರರಿಗೆ ಆ ಊರು ಇನ್ನೊಂದು ಕಾರಣದಿಂದಲೂ ಪರಿಚಿತ. 1925ರಲ್ಲಿ ಮೈಸೂರು ಸಂಸ್ಥಾನವು ಅದರ ಸಮೀಪದಲ್ಲಿ ಆರಂಭಿಸಿದ ಪ್ರಯೋಗ ಕೇಂದ್ರವೇ ಇಂದಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ. ಚಿಕ್ಕಮಗಳೂರು, ಹಾಸನದ ಮಲೆನಾಡಿನಲ್ಲಿ ನಮ್ಮ ಸಮಾಜದ ಅನೇಕ ಮನೆತನಗಳು ಕಾಫಿಯನ್ನೇ ನಂಬಿ ಬಾಳುತ್ತಿವೆ. ದೇಶದ ಕಾಫಿ ಬೆಳೆಗಾರರಲ್ಲಿ ಬಹುತೇಕರು 10 ಹೆಕ್ಟೇರಿಗಿಂತ ಕಡಿಮೆ ತೋಟವುಳ್ಳ ಸಣ್ಣ ಹಿಡುವಳಿದಾರರು. ಇವರ ಕ್ಷೇಮಕ್ಕೆ ಆಧಾರ ಯಾವುದು?

ಬೆಲೆಯೆಂದು ಹೇಳುವುದು ಸಹಜ. ಆದರೆ ಬೆಲೆ ಬೆಳೆಗಾರನ ಕೈಯಲ್ಲಿಲ್ಲ. 1996ರಲ್ಲಿ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟದ ಹಕ್ಕು ದೊರೆಯಿತು. ಅದರೊಡನೆ ವಿಶ್ವ ಮಾರುಕಟ್ಟೆಯ ಏರಿಳಿತವೂ ತೋಟದ ಬಾಗಿಲಿಗೆ ಬಂದಿತು. 2001-02ರ ಸುಮಾರಿಗೆ ಬೆಲೆ ಕುಸಿದು ಅನೇಕ ಕುಟುಂಬಗಳು ಸಾಲಕ್ಕೆ ಸಿಲುಕಿದವು. 2024ರಲ್ಲಿ ರೋಬಸ್ಟಾ ಬೆಲೆ ದಾಖಲೆಯ ಮಟ್ಟಕ್ಕೇರಿತು. ಬೆಲೆ ಏರಿದಾಗ ಮರ ಕಡಿದು ಗಿಡ ಹೆಚ್ಚಿಸುವ ಆಸೆ. ಇಳಿದಾಗ ಮರ ಮಾರಿ ಸಾಲ ತೀರಿಸುವ ಒತ್ತಡ. ಎರಡು ಸಂದರ್ಭದಲ್ಲಿಯೂ ಕೊಡಲಿಯೇಟು ಬೀಳುವುದು ನೆರಳಿಗೇ.

ಅರೇಬಿಕಾದ ಬದ್ಧವೈರಿಯಾದ ಬಿಳಿ ಕಾಂಡಕೊರಕ ಕೀಟವು ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಕಾಂಡವನ್ನು ಒಳಗಿನಿಂದಲೇ ಕೊರೆಯುತ್ತದೆ. ತೀವ್ರವಾಗಿ ತುತ್ತಾದ ಗಿಡವನ್ನು ಕಿತ್ತು ಸುಡಬೇಕಾಗುತ್ತದೆ. ಹೊಸ ಗಿಡ ಫಲ ಕೊಡಲು ಮೂರು ನಾಲ್ಕು ವರ್ಷಗಳು ಬೇಕು. ಎರಡೆಕರೆಯ ಬೆಳೆಗಾರನಿಗೆ ಅದು ಮಕ್ಕಳ ವಿದ್ಯೆಗೂ ಮನೆಯ ಮದುವೆಗೂ ತಗಲುವ ಪೆಟ್ಟು.

ಅತ್ತಿ, ಬಸರಿ, ಹಲಸುಗಳ ಮಿಶ್ರ ನೆರಳು ಬಿಸಿಲಿನ ತಾಪವನ್ನು ತಡೆಯುತ್ತದೆ. ಉದುರಿದ ಎಲೆ ಗೊಬ್ಬರವಾಗುತ್ತದೆ. ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ, ಕಾಫಿ ಸೋತ ವರ್ಷದಲ್ಲಿ ಸಂಸಾರದ ಕೈಹಿಡಿಯುತ್ತದೆ. ನೆರಳು ಅತಿಯಾದರೆ ಮಳೆಗಾಲದಲ್ಲಿ ಕೊಳೆರೋಗ ಬರುವುದುಂಟು. ಆದುದರಿಂದ ಹದವರಿತು ಮರಗಸಿ ಮಾಡಿಸಬೇಕು. ಇಳಿಜಾರಿನಲ್ಲಿ ಗಿಡಗಳ ನಡುವೆ ತೊಟ್ಟಿಲು ಗುಂಡಿ ತೆಗೆದರೆ ಮಳೆಯ ನೀರು ಇಂಗಿ, ಮೇಲ್ಮಣ್ಣು ತೋಟದಲ್ಲಿಯೇ ಉಳಿಯುತ್ತದೆ.

ಕಾಯಕವು ದಾಸೋಹದಿಂದ ಪೂರ್ಣಗೊಳ್ಳುತ್ತದೆಂಬುದನ್ನು ಶರಣರು ಬಾಳಿ ತೋರಿದರು. ತೋಟದಿಂದ ಪಡೆದುದರಲ್ಲಿ ಒಂದು ಪಾಲು ಮಣ್ಣಿಗೆ ಮರಳಲಿ; ಕೊಯ್ಲಿಗೆ ಬರುವ ಕಾರ್ಮಿಕರಿಗೆ ನ್ಯಾಯವಾದ ಕೂಲಿಯೂ ಮಳೆಗಾಳಿಗೆ ತಕ್ಕ ಸೂರೂ ದೊರೆಯಲಿ. ಒಳ್ಳೆಯ ಬೆಲೆ ಬಂದ ವರ್ಷ ಕೊಡಲಿಗೆ ಕೈಹಾಕುವ ಮುನ್ನ, ಬರಿದಾದ ಜಾಗದಲ್ಲಿ ಒಂದು ಹಲಸಿನ ಸಸಿಯನ್ನು ನೆಡೋಣ. ಅದರ ನೆರಳು ನಮಗಿಂತ ನಮ್ಮ ಮಕ್ಕಳಿಗೆ ಹೆಚ್ಚು ಒದಗೀತು.