ಹಳೆಯ ಪಿಕಪ್ಪಿಗೆ ಹೊಸ ಕೈಪಿಡಿ

ಫೋರ್ಡ್ ಕಂಪೆನಿಯವರು 1987ರಿಂದ 1996ರ ವರೆಗೆ ತಯಾರಿಸಿದ ಎಫ್-150 ಪಿಕಪ್ ಗಾಡಿಗಳು ಅಮೆರಿಕಾದ ಹಳ್ಳಿಗಾಡಿನಲ್ಲಿ ಇಂದಿಗೂ ಹುಲ್ಲು ಸೌದೆಗಳನ್ನು ಹೊರುತ್ತಿವೆ. ಆರು ಸಿಲಿಂಡರುಗಳ 4.9 ಲೀಟರಿನ ಎಂಜಿನ್ನುಳ್ಳವಂತೂ ಗಟ್ಟಿಜೀವಗಳೆಂದು ಹೆಸರಾದುವು. ಗಾಡಿಯನ್ನೇ ನೆಚ್ಚಿದ ಒಕ್ಕಲಿಗನಿಗೆ ಅದು ವಾರ ನಿಂತರೆ ಸಂಪಾದನೆಯೂ ನಿಂತಂತೆಯೇ. ಹಿಂದೆ ಹೆಬ್ಬೊತ್ತಗೆಯಾಗಿದ್ದ ದುರಸ್ತಿಯ ಕೈಪಿಡಿಯನ್ನು ಈಗ ಫೋನಿನಲ್ಲಿಯೇ ತೆರೆದು, ಬೇಕಾದ ಮಾತನ್ನು ಕ್ಷಣದಲ್ಲಿ ಹುಡುಕಬಹುದು.

ಆದರೆ ಮೊದಲು ಗಾಡಿಯ 17 ಅಕ್ಷರಗಳ ಗುರುತಿನ ಸಂಖ್ಯೆಯನ್ನು ನೋಡಬೇಕು. ಅದರ 8ನೆಯ ಅಕ್ಷರವು ಎಂಜಿನ್ನನ್ನೂ, 10ನೆಯದು ಮಾದರಿಯ ವರ್ಷವನ್ನೂ ತಿಳಿಸುತ್ತದೆ. ಬೇರೆ ವರ್ಷದ ಕೈಪಿಡಿಗಿಂತ ಕೈಪಿಡಿ ಇಲ್ಲದಿರುವುದೇ ಲೇಸೆಂದು ನಾವು ಹೇಳುವೆವು.

ಕಿಡಿ ಹಾರುವ ವೇಳೆಯನ್ನು ಸರಿಪಡಿಸುವ ಕೆಲಸವನ್ನೇ ನೋಡೋಣ. ಡಿಸ್ಟ್ರಿಬ್ಯೂಟರಿನ ತಂತಿಗಳಲ್ಲಿ ಪುಟ್ಟದೊಂದು ಕನೆಕ್ಟರುಂಟು. ಅದನ್ನು ಕಳಚದಿದ್ದರೆ ಗಾಡಿಯ ಕಂಪ್ಯೂಟರು ವೇಳೆಯನ್ನು ತಾನೇ ಹಿಂದುಮುಂದು ಮಾಡುತ್ತಿರುವುದರಿಂದ ಟೈಮಿಂಗ್ ಲೈಟಿನಲ್ಲಿ ಕಂಡ ಅಂಕೆ ನಂಬತಕ್ಕದ್ದಲ್ಲ. ಕಳಚಿದಾಗ, ಪಿಸ್ಟನ್ನು ಮೇಲ್ತುದಿಯನ್ನು ಮುಟ್ಟುವುದಕ್ಕೆ 10 ಡಿಗ್ರಿ ಮುಂಚೆ ಕಿಡಿ ಹಾರಬೇಕು. ಸಿಲಿಂಡರುಗಳ ಸರದಿ 1-5-3-6-2-4. ಇದನ್ನು ನುರಿತ ಮೇಸ್ತ್ರಿಯೂ ಬರಿಯ ಕಿವಿಯಿಂದ ತಿಳಿಯಲಾರನು. ಕೆಲಸ ಮುಗಿದೊಡನೆ ಕನೆಕ್ಟರನ್ನು ಮರಳಿ ಸಿಕ್ಕಿಸಬೇಕು. ಮರೆತರೆ ಎಂಜಿನ್ನು ಸೊರಗಿ, ಪೆಟ್ರೋಲು ಹೆಚ್ಚು ಖರ್ಚಾಗುತ್ತದೆ.