ನುಸಿಗುಳಿಗೆ ಎಲ್ಲಿಗೆ ಹೋಯಿತು?

ಮಲಪ್ರಭೆಯು ಹುಟ್ಟುವ ಕಣಕುಂಬಿಯ ಸೀಮೆಯಲ್ಲಿ ಮಳೆಯು ತಿಂಗಳುಗಟ್ಟಲೆ ಬಿಡದೆ ಸುರಿಯುವದು. ಆಗ ಖಾನಾಪುರದ ಕಡೆಯ ಮನೆಗಳಲ್ಲಿ ಅರಿವೆಗಳ ನಡುವೆ ನುಸಿಗುಳಿಗೆಗಳನ್ನು ಇಟ್ಟು ಪೆಟ್ಟಿಗೆಯನ್ನು ಮುಚ್ಚುವದುಂಟು. ಮಳೆ ತೀರಿದ ಮೇಲೆ ತೆರೆದು ನೋಡಿದರೆ ಗುಳಿಗೆಗಳು ಸವೆದುಹೋಗಿರುವವು. ಅರಿವೆಗೆ ಕಲೆಯೂ ಇಲ್ಲ. ಅವು ಎಲ್ಲಿಗೆ ಹೋದವೆಂದು ಆ ಕಡೆಯ ನಮ್ಮ ವಿದ್ಯಾರ್ಥಿನಿಯರು ಕೇಳುತ್ತಾರೆ. ಉತ್ತರವನ್ನು ನಾವು ಬೆಳಗಾವಿಯ ನಮ್ಮ ರಸಾಯನ ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸುತ್ತೇವೆ.

ನುಸಿಗುಳಿಗೆಯ ಪುಡಿಯನ್ನು ಅಡಿಗೆಯ ಉಪ್ಪಿನಲ್ಲಿ ಬೆರೆಸಿದರೆ ಎರಡೂ ಬಿಳಿಯವೇ, ಕೈಯಿಂದ ಆರಿಸಲಾಗದು. ಈ ಮಿಶ್ರಣವನ್ನು ಪಿಂಗಾಣಿ ಬಟ್ಟಲಿನಲ್ಲಿ ಹಾಕಿ, ಸಣ್ಣ ತೂತುಗಳುಳ್ಳ ಸೋಸುಕಾಗದವನ್ನು ಮುಚ್ಚಿ, ಮೇಲೆ ಗಾಜಿನ ಆಲಿಕೆಯನ್ನು ಬೋರಲಾಗಿ ಇಟ್ಟು, ಅದರ ಕೊಳವೆಗೆ ಅರಳೆಯನ್ನು ತುರುಕಿ, ಮಂದವಾಗಿ ಕಾಯಿಸಬೇಕು. ಸ್ವಲ್ಪ ಹೊತ್ತಿನಲ್ಲಿಯೇ ಆಲಿಕೆಯ ತಣ್ಣನೆಯ ಒಳಮೈಗೆ ಮಿನುಗುವ ಹರಳುಗಳು ಹತ್ತಿಕೊಳ್ಳುವವು. ಉಪ್ಪು ಬಟ್ಟಲಿನಲ್ಲಿಯೇ ಉಳಿಯುವದು. 800 ಡಿಗ್ರಿ ಸೆಂಟಿಗ್ರೇಡಿಗೂ ಅದು ಕರಗದು. ಆದರೆ ಅವಸರದಿಂದ ಉರಿ ಹೆಚ್ಚಿಸಿದರೆ ನುಸಿಗುಳಿಗೆಯು 80 ಡಿಗ್ರಿಯಲ್ಲಿ ಕರಗಿಬಿಡುವದು. ಅದರ ಆವಿಗೆ ಬೆಂಕಿಯೂ ಹತ್ತಬಹುದು. ಘನವಸ್ತುವು ದ್ರವವಾಗದೆ ನೇರವಾಗಿ ಆವಿಯಾಗುವದಕ್ಕೆ ಉತ್ಪತನವೆಂದು ಹೆಸರು. ಕರ್ಪೂರವನ್ನೂ ಹೀಗೆಯೇ ಬೇರ್ಪಡಿಸಬಹುದು. ಕಲಾಯಿಗಾರನು ಕಾದ ಪಾತ್ರೆಗೆ ನವಸಾಗರವನ್ನು ಎರಚಿದಾಗ ಏಳುವ ಬಿಳಿಯ ಹೊಗೆಯು ಇದಕ್ಕೆ ಹತ್ತಿರದ್ದು. ಆದರೆ ನವಸಾಗರವು ಕಾದಾಗ ಎರಡು ವಾಯುಗಳಾಗಿ ಒಡೆದು, ತಣಿದಾಗ ಮತ್ತೆ ಕೂಡುವದು.

ಮುಚ್ಚಿದ ಪೆಟ್ಟಿಗೆಯಲ್ಲಿ ಉರಿಯಿಲ್ಲದಿದ್ದರೂ ಉತ್ಪತನವು ಸಾವಕಾಶವಾಗಿ ನಡೆದೇ ಇರುವದು. ಕಣ್ಣಿಗೆ ಕಾಣದಾದ ಗುಳಿಗೆಯು ಆವಿಯಾಗಿ ಅರಿವೆಗಳಲ್ಲಿ ಸೇರಿಕೊಂಡಿರುವದು. ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ಮರೆಯಬಾರದು. ಕೆಲವು ಕೂಸುಗಳ ರಕ್ತಕಣಗಳಲ್ಲಿ ಜಿ-6-ಪಿ-ಡಿ ಎಂಬ ಕಿಣ್ವವು ಹುಟ್ಟಿನಿಂದಲೇ ಕಡಿಮೆಯಿರುವದು. ಅಂಥ ಕೂಸಿಗೆ ನುಸಿಗುಳಿಗೆಯ ವಾಸನೆ ಹತ್ತಿದ ಕುಲಾವಿ ತೊಡಿಸಿ ಕೌದಿ ಹೊದಿಸಿದರೆ ರಕ್ತಕಣಗಳು ಒಡೆದು ಕಾಮಾಲೆಯು ಏರಬಹುದು, ಪ್ರಾಣಕ್ಕೂ ಅಪಾಯವುಂಟು. ಯಾವ ಕೂಸಿಗೆ ಈ ಕೊರತೆಯಿದೆಯೆಂಬುದು ಮುಖ ನೋಡಿದರೆ ತಿಳಿಯದು.

ಆದುದರಿಂದ ಕೂಸಿನ ಅರಿವೆಗಳನ್ನು ಒಗೆದು, ಬಿಸಿಲಿಗೆ ಒಣಗಿಸಿ, ಬೇರೊಂದು ಪೆಟ್ಟಿಗೆಯಲ್ಲಿ ಇಡತಕ್ಕದ್ದು. ಅದರಲ್ಲಿ ನುಸಿಗುಳಿಗೆಯನ್ನು ಹಾಕಲೇಬಾರದು. ಪೆಪ್ಪರಮಿಂಟೆಂದು ತಿಳಿದು ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ಗುಳಿಗೆಗಳನ್ನು ಎತ್ತರದಲ್ಲಿ ಇಡಬೇಕು. ನುಂಗಿದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಆಲಿಕೆಯಲ್ಲಿ ಹರಳು ಮೂಡಿದ್ದನ್ನು ಕಂಡ ಹುಡುಗಿಯು ಮನೆಗೆ ಹೋಗಿ ಈ ಮಾತನ್ನು ಹೇಳಿದರೆ ಪಾಲಕರು ಅವಳ ಮಾತನ್ನು ನಡೆಸಿಕೊಡಬೇಕೆಂದು ನಮ್ಮ ಬಿನ್ನಹ.